ಬೋರ್ ನೀರಿನ ಉಪ್ಪು ನೋಡಲು ಯಾವ ಮೀಟರ್ ತಗೋಬೇಕು?

ಹೊಲದ ನೀರಿಗೆ ಮೀಟರ್ ತರುವುದಾದರೆ ಟೆಂಪರೇಚರ್ ಕೂಡ ತೋರಿಸುವ ಇಸಿ ಪೆನ್ನನ್ನೇ ತನ್ನಿ. ಇಸಿ ಅಂದರೆ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವ ಅಳತೆ. ಮೂರು ಥರದವನ್ನು ಬಳಸಿ ನೋಡಿದ್ದೇನೆ, ನನ್ನ ಓಟು ಅದಕ್ಕೇ.

ನಮ್ಮದು ಶಹಾಪುರದ ಕಡೆ ಎರೆ ಹೊಲ. ನಾರಾಯಣಪುರ ಎಡದಂಡೆ ಕೆನಾಲ್ ಬಂದ್ ಆಯಿತೆಂದರೆ ಬೋರ್ ನೀರೇ ಗತಿ. ಹತ್ತಿ ಹೇಗೋ ತಡೆಯುತ್ತದೆ, ಮೆಣಸಿನ ಗಿಡಕ್ಕೆ ಉಪ್ಪು ಆಗಿಬರುವುದಿಲ್ಲ. ಸುತ್ತ ಎಷ್ಟೋ ಹೊಲ ಸವಳಾಗಿರುವುದನ್ನು ದಿನಾ ನೋಡುತ್ತೇವಲ್ವಾ?

ಮೊದಲು ತಂದದ್ದು ಆರ್‌ಒ ನೀರು ನೋಡುವ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನಂಶ) ಪೆನ್. 300 ರೂಪಾಯಿ ಒಳಗೆ ಸಿಕ್ಕಿತು. ಏಪ್ರಿಲ್‌ನಲ್ಲಿ ಮುಚ್ಚಿಟ್ಟ ಡ್ರಮ್ಮಿಗೆ ಬೆಳಗ್ಗೆ ಅದ್ದಿದರೆ 1050 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ತೋರಿಸಿತು. ಮಧ್ಯಾಹ್ನ ಅದೇ ನೀರಿಗೆ 1290! ಉಪ್ಪು ಯಾರೂ ಹಾಕಿರಲಿಲ್ಲ. ನೀರು 28 ಡಿಗ್ರಿಯಿಂದ 40ಕ್ಕೆ ಕಾದಿತ್ತು, ಅಷ್ಟೇ. ಈ ಪೆನ್ನುಗಳು ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ, ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡುತ್ತವೆ. ನೀರು ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 2 ಪರ್ಸೆಂಟ್ ಜಾಸ್ತಿಯಾಗುತ್ತದೆ. ಅದಕ್ಕೇ 25 ಡಿಗ್ರಿಗೆ ಲೆಕ್ಕ ಇಳಿಸಿ ಹೇಳುವುದು ರೂಢಿ. ಆ ತಿದ್ದುಪಡಿ ಇದೆ ಅಂತ ಡಬ್ಬಿಯ ಮೇಲೆ ಬರೆದಿತ್ತು, ಪೆನ್ನಿನಲ್ಲಿ ಇರಲಿಲ್ಲ.

ಇನ್ನೊಂದು ತೊಡಕು ಪಿಪಿಎಂ ಲೆಕ್ಕದ್ದು. ಕರೆಂಟಿನ ಅಳತೆಯನ್ನು ಕೆಲವು ಪೆನ್ 0.5ರಿಂದ, ಕೆಲವು 0.7ರಿಂದ ಗುಣಿಸಿ ಪಿಪಿಎಂ ಮಾಡುತ್ತವೆ. ಒಂದೇ ನೀರು ಒಂದರಲ್ಲಿ 1000, ಇನ್ನೊಂದರಲ್ಲಿ 1400. ಲ್ಯಾಬ್ ರಿಪೋರ್ಟಿನಲ್ಲಿ ಇಸಿ ಇರುತ್ತದೆ. ಯಾವುದಕ್ಕೆ ಯಾವುದನ್ನು ಹೋಲಿಸುವುದು?

ಇಸಿ ಪೆನ್ನಿಗೆ ಆರೇಳು ಪಟ್ಟು ದುಡ್ಡು ಕೊಟ್ಟೆ. ಅದೇ ಡ್ರಮ್ಮಿಗೆ ಬೆಳಗ್ಗೆಯೂ ಮಧ್ಯಾಹ್ನವೂ 1980 ಮೈಕ್ರೋಸೀಮೆನ್ಸ್ ಆಸುಪಾಸು ತೋರಿಸಿತು, ಅಂದರೆ ಹೆಚ್ಚುಕಮ್ಮಿ 2 ಡಿಎಸ್ (ಡೆಸಿಸೀಮೆನ್ಸ್, ಇಸಿಯ ದೊಡ್ಡ ಅಳತೆ). ನೀರಾವರಿ ನೀರು 0.7ರ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ತುಂಬಾ ಹುಷಾರಾಗಿರಬೇಕು ಎನ್ನುತ್ತದೆ ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆಯಾದ ಎಫ್‌ಎಒ ಲೆಕ್ಕ. ನಮ್ಮದು ನಡುವೆ ನಿಂತಿತು. ಹಾಗಾಗಿ ಕೃಷಿ ಹೊಂಡದ ನೀರು ಬೆರೆಸಿಯೇ ಮೆಣಸಿಗೆ ಬಿಡುತ್ತೇನೆ. ಅದ್ದಿದ ತಕ್ಷಣ ಓದಬೇಡಿ, ಡಿಗ್ರಿ ನಿಲ್ಲುವವರೆಗೆ ತಾಳಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದಿಡಿ. ಆಗಾಗ 1413 ಮೈಕ್ರೋಸೀಮೆನ್ಸ್ ಎಂದು ಗೊತ್ತಿರುವ ಪರೀಕ್ಷೆಯ ದ್ರಾವಣದಲ್ಲಿ ಅದ್ದಿ ಸರಿ ತೋರಿಸುತ್ತಿದೆಯಾ ನೋಡಿ.

ಕುಮಟಾದ ಗೆಳೆಯ ಕೊಟ್ಟ ರಿಫ್ರಾಕ್ಟೋಮೀಟರೂ (ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪು ತಿಳಿಸುವ ಸಾಧನ) ಇದೆ. ಅಘನಾಶಿನಿ ಅಳಿವೆಗೆ, ಸಿಗಡಿ ಹೊಂಡಕ್ಕೆ ಅದು ಸರಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ನಮ್ಮ ಬೋರಿನಲ್ಲಿ ಒಂದೋ ಒಂದೂವರೆಯೋ. ಅದರ ಗೀಟಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣುವುದೇ ಇಲ್ಲ.

ಬರೀ ಕುಡಿಯುವ ನೀರು ನೋಡುವವರು ಸುಮ್ನೆ ಜಾಸ್ತಿ ಖರ್ಚು ಮಾಡಬೇಡಿ, ಟಿಡಿಎಸ್ ಪೆನ್ ಸಾಕು. ಬೆಳಗ್ಗೆ ತಂಪು ಹೊತ್ತಿನಲ್ಲಿ ಅದ್ದಿ ನೋಡಿ.