ಕೈಪಿಡಿ ತಿದ್ದಲು ಯಾವುದು, ಟೆಸ್ಟ್ ತಿದ್ದಲು ಯಾವುದು: ಗಿಟ್, ಮರ್ಕ್ಯೂರಿಯಲ್ ಎರಡರಲ್ಲೂ ಕೂತು ನೋಡಿದ್ದು

ಹಿಂದೆ ನಾನು ಕೆಲಸಕ್ಕಿದ್ದ ಕಂಪನಿಯೊಂದರಲ್ಲಿ ಕೈಪಿಡಿಯ ಒಂದು ಸಾಲು ಹಳತಾಗಿ ಹಾಗೇ ಉಳಿದಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನು ನಂಬಿ, ಅಲ್ಲಿದ್ದ ಕಮಾಂಡನ್ನೇ ಕೊಟ್ಟು, ಮೂರು ದಿನ ಕೂತು ಬರೆದದ್ದನ್ನೆಲ್ಲ ಕಳೆದುಕೊಂಡಳು. ಬೈಸಿಕೊಂಡವಳೂ ಅವಳೇ. ಆ ಸಾಲು ತಪ್ಪು ಅಂತ ನನ್ನನ್ನೂ ಸೇರಿಸಿ ನಾಲ್ಕು ಜನಕ್ಕೆ ಗೊತ್ತಿತ್ತು, ಯಾರೂ ತಿದ್ದಿರಲಿಲ್ಲ. ಅವತ್ತಿನಿಂದ ಡಾಕ್ಯುಮೆಂಟೇಶನ್ ತಿದ್ದುವುದನ್ನು ನಾನು ಸಣ್ಣ ಕೆಲಸ ಅಂದುಕೊಂಡಿಲ್ಲ.

ಅಕ್ಕನ ಮಗ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾನೆ. "ಓಪನ್ ಸೋರ್ಸ್‌ನಲ್ಲಿ ಎಲ್ಲಿಂದ ಶುರು ಮಾಡ್ಲಿ ಮಾವ?" ಅಂದ. ಯಾರು ಬೇಕಾದರೂ ಕೋಡ್ ನೋಡಿ ತಿದ್ದಿ ಕಳಿಸಬಹುದಾದ ಸಾಫ್ಟ್‌ವೇರ್ ಅದು. ಕೈಪಿಡಿಯಿಂದ ಶುರು ಮಾಡು, ಇಲ್ಲವೇ ಕೋಡ್ ಸರಿಯಾಗಿ ನಡೆಯುತ್ತಿದೆಯೇ ಎಂದು ಓಡಿಸಿ ನೋಡುವ ಟೆಸ್ಟ್‌ನಿಂದ ಶುರು ಮಾಡು ಅಂದೆ. ಯಾವುದರಲ್ಲಿ ಅಂತ ಹೇಳಲು ನನಗೇ ಖಾತ್ರಿ ಇರಲಿಲ್ಲ. ಆಷಾಢದ ಭಾನುವಾರಗಳಲ್ಲಿ ಅವನು ಬೆಳಗಿನ ರೈಲು ಹಿಡಿದು ಮೈಸೂರಿಗೆ ಬರುತ್ತಿದ್ದ. ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು, ಕೋಡಿನಲ್ಲಿ ಆಗುವ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಮತ್ತು ಮರ್ಕ್ಯೂರಿಯಲ್ ಎಂಬ ಸಾಫ್ಟ್‌ವೇರ್‌ಗಳೆರಡರ ಸೋರ್ಸನ್ನೂ, ಅಂದರೆ ಮೂಲ ಕೋಡನ್ನೂ, ಇಳಿಸಿಕೊಂಡು ನೋಡಿದೆವು.

ಎರಡೂ ಒಂದೇ ತಿಂಗಳಲ್ಲಿ ಹುಟ್ಟಿದವು, 2005ರ ಏಪ್ರಿಲ್. ಲಿನಕ್ಸ್ ಕರ್ನೆಲ್ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಇಂಥದೇ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು ನಿಂತಾಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದರು, ಮ್ಯಾಟ್ ಮ್ಯಾಕಾಲ್ ಮರ್ಕ್ಯೂರಿಯಲ್ ಶುರು ಮಾಡಿದರು. ಹುಟ್ಟು ಒಂದೇ ಆದರೂ ಕೈಪಿಡಿ ಇಡುವ ಜಾಗದಲ್ಲೇ ದಾರಿ ಕವಲೊಡೆಯುತ್ತದೆ.

ಗಿಟ್‌ನಲ್ಲಿ ಕೈಪಿಡಿ ಬೇರೆ ಫೋಲ್ಡರ್‌ನಲ್ಲಿ, ಆಸ್ಕಿಡಾಕ್ ಎಂಬ ಸರಳ ಗುರುತುಗಳ ಬರಹದಲ್ಲಿದೆ. ಕಮಾಂಡ್ ಕೊಟ್ಟಾಗ ಬರುವ ಚಿಕ್ಕ ಸಹಾಯದ ಸಾಲು ಮಾತ್ರ ಸಿ ಕೋಡಿನ ಒಳಗಿದೆ. ಅಂದರೆ ಒಂದು ಆಯ್ಕೆಯ ಹೆಸರು ತಿದ್ದಬೇಕಾದರೆ ಎರಡು ಕಡೆ ಕೈ ಹಾಕಬೇಕು. ಬೇಕೆಂತಲೇ ಒಂದು ಕಡೆ ಮಾತ್ರ ಬದಲಿಸಿ ನೋಡಿದೆ. 0450ನೇ ನಂಬರಿನ ಟೆಸ್ಟ್ ತಕ್ಷಣ ಹಿಡಿಯಿತು. ಕೈಪಿಡಿಯ ತಲೆಯಲ್ಲಿರುವ ಬಳಕೆಯ ಸಾಲನ್ನೂ ಕಮಾಂಡ್ ತಾನೇ ಹೇಳುವ ಸಾಲನ್ನೂ ಅದು ಎದುರುಬದುರು ಇಟ್ಟು ನೋಡುತ್ತದೆ. ಆದರೆ ಅದೇ ಪುಟದ ಕೆಳಗೆ, ವಿವರಣೆಯಲ್ಲಿ, 'ಅಳಿಸುತ್ತದೆ' ಅನ್ನುವ ಕಡೆ 'ಅಳಿಸುವುದಿಲ್ಲ' ಅನ್ನುವ ಅರ್ಥ ಬರುವಂತೆ ಬದಲಿಸಿದೆ. ಯಾವ ಟೆಸ್ಟೂ ತುಟಿ ಪಿಟಕ್ಕೆನ್ನಲಿಲ್ಲ. ಆ ಹುಡುಗಿಗೆ ಮೋಸ ಮಾಡಿದ್ದು ಇಂಥದೇ ಸಾಲು. ಜೊತೆಗೆ, ತಿದ್ದಿದ ಪುಟ ಹೇಗೆ ಕಾಣುತ್ತದೆಂದು ನೋಡಲು ಆಸ್ಕಿಡಾಕ್, ಎಕ್ಸ್‌ಎಂಎಲ್‌ಟು ಮುಂತಾದ ಪುಟ ತಯಾರಿಸುವ ಸಲಕರಣೆಗಳನ್ನೆಲ್ಲ ಹಾಕಿಕೊಳ್ಳಬೇಕು. ಮೊದಲ ಭಾನುವಾರ ಅದರಲ್ಲೇ ಮಧ್ಯಾಹ್ನವಾಯಿತು.

ಮರ್ಕ್ಯೂರಿಯಲ್‌ನಲ್ಲಿ ಕಮಾಂಡಿನ ಕೈಪಿಡಿ ಪೈಥಾನ್ ಫಂಕ್ಷನ್ನಿನ ಒಳಗೇ, ಶುರುವಿನಲ್ಲೇ ಇದೆ. ತಿದ್ದಿ, ಸೋರ್ಸ್ ಫೋಲ್ಡರ್‌ನಿಂದಲೇ ಹೆಲ್ಪ್ ಕೇಳಿದರೆ ಹೊಸ ಮಾತು ಕಣ್ಣೆದುರಿಗಿರುತ್ತದೆ. 'ಆ್ಯಡ್' ಕಮಾಂಡಿನ ವಿವರಣೆಯಲ್ಲಿ ಹುಡುಗ ಒಂದೇ ಒಂದು ಪದ ಬದಲಿಸಿ ಟೆಸ್ಟ್ ಓಡಿಸಿದ. "ಮುಟ್ಟಿದ್ದು ಒಂದೇ ಪದ ಕಣ್ ಮಾವ, ಟೆಸ್ಟ್ ಬಿದ್ದೋಯ್ತು!" ಅಂತ ಗಾಬರಿಯಾದ. ನನಗಂತೂ ಬಹಳ ಖುಷಿಯಾಯಿತು. ಹೆಲ್ಪ್‌ನ ಮಾತೇ ಟೆಸ್ಟ್ ಫೈಲಿನಲ್ಲಿ ಬರೆದಿಟ್ಟಿದೆ, ಪದ ಬದಲಾದರೆ ಯಾರಾದರೂ ಒಬ್ಬರು ಅದನ್ನು ಓದಲೇಬೇಕು. ಎಲ್ಲ ಕಮಾಂಡಿನ ಹೆಲ್ಪೂ ಹೀಗೆ ಬರೆದಿಟ್ಟಿಲ್ಲ, ಕೆಲವಷ್ಟೇ. ಆದರೂ ಕೈಪಿಡಿ ತಿದ್ದುವವನಿಗೆ ಮರ್ಕ್ಯೂರಿಯಲ್ಲೇ ಮೇಲು ಅಂತ ಎರಡನೇ ಭಾನುವಾರಕ್ಕೇ ನನಗೆ ಖಚಿತವಾಯಿತು.

ಟೆಸ್ಟಿನ ವಿಷಯಕ್ಕೆ ಬಂದಾಗ ನನ್ನ ಮನಸ್ಸು ತಿರುಗಿತು.

ಮರ್ಕ್ಯೂರಿಯಲ್‌ನ ಟೆಸ್ಟ್ ಫೈಲು ಓದಲು ಒಂದು ಬರಹದಂತೆಯೇ ಇರುತ್ತದೆ. ಎರಡು ಸ್ಪೇಸ್ ಬಿಟ್ಟು ಡಾಲರ್ ಗುರುತಿನ ಮುಂದೆ ಕಮಾಂಡ್, ಅದರ ಕೆಳಗೆ ಬರಬೇಕಾದ ಔಟ್‌ಪುಟ್. ಅಂಚಿಗೆ ಅಂಟಿಕೊಂಡ ಸಾಲುಗಳು ಬರೀ ಮಾತು. ಔಟ್‌ಪುಟ್ ಬೇರೆಯಾದರೆ, ಇಂಟರ‍್ಯಾಕ್ಟಿವ್ ಆಯ್ಕೆ ಕೊಟ್ಟು ಓಡಿಸಿದಾಗ, ವ್ಯತ್ಯಾಸ ತೋರಿಸಿ ಒಪ್ಪುತ್ತೀಯಾ ಎಂದು ಕೇಳುತ್ತದೆ. ಹೌದು ಅಂದರೆ ಫೈಲನ್ನು ತಾನೇ ತಿದ್ದಿಕೊಳ್ಳುತ್ತದೆ. ಅಪಾಯ ಇರುವುದು ಈ ಸಲೀಸಿನಲ್ಲೇ. ಹುಡುಗನ ಲ್ಯಾಪ್‌ಟಾಪಿನ ಪೈಥಾನ್ ಒಂದು ಎಚ್ಚರಿಕೆಯ ಸಾಲನ್ನು ಔಟ್‌ಪುಟ್ ಜೊತೆ ಉಗುಳುತ್ತಿತ್ತು. ಅವನು ಸಾಲಾಗಿ ಹೌದು, ಹೌದು ಒತ್ತಿಕೊಂಡು ಹೋದ. ಆ ಎಚ್ಚರಿಕೆಯೂ 'ಬರಬೇಕಾದ ಔಟ್‌ಪುಟ್' ಆಗಿ ಕೂತುಬಿಟ್ಟಿತು. ನನ್ನ ಯಂತ್ರದಲ್ಲಿ ಎಚ್ಚರಿಕೆ ಬರುವುದಿಲ್ಲ, ಹಾಗಾಗಿ ಟೆಸ್ಟ್ ಬಿತ್ತು. ಬೀಳದೇ ಹೋಗಿದ್ದರೆ ಒಂದು ತಪ್ಪಿಗೆ ನಾವೇ ಮುದ್ರೆ ಒತ್ತಿದಂತಾಗುತ್ತಿತ್ತು.

ಗಿಟ್‌ನಲ್ಲಿ ಆ ಸಲೀಸು ಇಲ್ಲ. ಟೆಸ್ಟ್‌ಗಳು ಶೆಲ್ ಸ್ಕ್ರಿಪ್ಟ್‌ಗಳು (ಸಾಲಾಗಿ ಓಡುವ ಕಮಾಂಡ್‌ಗಳ ಫೈಲುಗಳು), ನಾಲ್ಕಂಕಿಯ ನಂಬರು ಹೊತ್ತು 'ಟಿ' ಎಂಬ ಫೋಲ್ಡರಿನಲ್ಲಿವೆ. ಮೊದಲ ಅಂಕಿ ನೋಡಿದರೆ ವಿಷಯ ಗೊತ್ತಾಗುತ್ತದೆ, 4 ಅಂದರೆ ಡಿಫ್ (ವ್ಯತ್ಯಾಸ ತೋರಿಸುವುದು), 5 ಅಂದರೆ ಪುಲ್ ಮತ್ತು ಎಕ್ಸ್‌ಪೋರ್ಟ್ (ಬದಲಾವಣೆ ತರುವುದು, ಕಳಿಸುವುದು). ಏನು ಬರಬೇಕು ಎಂಬುದನ್ನು ನೀನೇ ಬರೆಯಬೇಕು.

ಅಲ್ಲಿ ನಾವು ತಿದ್ದಿ ಕಲಿತದ್ದು ಒಂದು ಪೈಪ್, ಅಂದರೆ ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹಾಯಿಸುವುದು. ಹಳೆಯ ಶೈಲಿಯ ಟೆಸ್ಟ್‌ಗಳಲ್ಲಿ ಗಿಟ್ ಕಮಾಂಡಿನ ಔಟ್‌ಪುಟ್ಟನ್ನು ಸಾಲು ಹುಡುಕುವ ಗ್ರೆಪ್ ಎಂಬ ಕಮಾಂಡಿಗೆ ನೇರ ಪೈಪ್ ಮಾಡಿರುತ್ತಾರೆ. ನೋಡಲು ಸರಿಯಾಗಿಯೇ ಇದೆ. ಆದರೆ ಪೈಪಿನಲ್ಲಿ ಶೆಲ್ ಲೆಕ್ಕಕ್ಕೆ ಹಿಡಿಯುವುದು ಕೊನೆಯ ಕಮಾಂಡಿನ ಫಲಿತಾಂಶವನ್ನು ಮಾತ್ರ. ಗಿಟ್ ಬೇಕಾದ ಸಾಲನ್ನು ಮುದ್ರಿಸಿ ಆಮೇಲೆ ಕ್ರ್ಯಾಶ್ ಆದರೂ ಗ್ರೆಪ್‌ಗೆ ಸಾಲು ಸಿಕ್ಕಿತಲ್ಲ, ಟೆಸ್ಟ್ ಪಾಸು. ನಂಬಿಸಲು ನಾನು ಕೋಡಿನೊಳಗೆ ಸಾಲು ಮುದ್ರಣವಾದ ನಂತರ, ಪ್ರೋಗ್ರಾಮನ್ನು ಅಲ್ಲೇ ಕೊಲ್ಲುವ ಅಬಾರ್ಟ್ ಹಾಕಿ ತೋರಿಸಿದೆ. ಗಿಟ್ ಸತ್ತು ಬಿದ್ದಿದೆ, ಪರದೆಯ ಮೇಲೆ 'ಓಕೆ' ಎಂದು ಬರುತ್ತಿದೆ. ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ. ಔಟ್‌ಪುಟ್ಟನ್ನು ಮೊದಲು 'ಆ್ಯಕ್ಚುಯಲ್' ಎಂಬ ಫೈಲಿಗೆ ಬರೆಸಿ, ಆಮೇಲೆ ಅದರಲ್ಲಿ ಹುಡುಕುವಂತೆ ತಿದ್ದಿದ ಮೇಲೆ ಟೆಸ್ಟ್ ಬಿತ್ತು. ಬೀಳಲೇಬೇಕಿತ್ತು.

ಇಂಥದೇ ಇನ್ನೊಂದು. ಕಮಾಂಡ್ ಸೋಲಬೇಕು ಎನ್ನುವ ಕಡೆ ಮುಂದೆ ಬರೀ ಆಶ್ಚರ್ಯಸೂಚಕ ಹಾಕಿದರೆ, ಕ್ರ್ಯಾಶ್ ಆಗಿ ಸತ್ತರೂ 'ಸೋತಿತು' ಎಂದೇ ಲೆಕ್ಕ. 'ಟೆಸ್ಟ್ ಮಸ್ಟ್ ಫೇಲ್' ಎಂಬ ಅವರದೇ ಫಂಕ್ಷನ್ ಮರ್ಯಾದೆಯಾಗಿ ಸೋತದ್ದನ್ನೂ ಕ್ರ್ಯಾಶ್ ಆದದ್ದನ್ನೂ ಬೇರೆ ಮಾಡುತ್ತದೆ. ಗೊತ್ತಿರುವ, ಇನ್ನೂ ಸರಿಪಡಿಸದ ದೋಷವನ್ನೂ ಟೆಸ್ಟಾಗಿ ಬರೆದು 'ಇದು ಬೀಳುತ್ತದೆ' ಎಂದು ಗುರುತು ಹಾಕುವ ವ್ಯವಸ್ಥೆ ಇದೆ. ಮುಂದೆ ಯಾರೋ ಆ ದೋಷ ಸರಿಪಡಿಸಿದ ದಿನ, ಮುರಿದದ್ದು ಈಗ ಮುರಿದಿಲ್ಲ ಎಂದು ಅದೇ ಹೇಳುತ್ತದೆ. ಇಷ್ಟು ಪ್ರಾಮಾಣಿಕವಾದ ಟೆಸ್ಟ್ ಏರ್ಪಾಡಿನಲ್ಲಿ ನಾನು ಹಿಂದೆ ಕೆಲಸ ಮಾಡಿರಲಿಲ್ಲ.

ಮಾಡಿದ ಕಮಿಟ್‌ಗಳನ್ನು, ಅಂದರೆ ದಾಖಲಿಸಿಟ್ಟ ಬದಲಾವಣೆಗಳನ್ನು, ಮತ್ತೆ ತಿದ್ದುವ ಮಾತು ಚುಟುಕಾಗಿ ಹೇಳುತ್ತೇನೆ. ಕೈಪಿಡಿಗೊಂದು, ಟೆಸ್ಟಿಗೊಂದು, ಕೋಡಿಗೊಂದು ಅಂತ ಮೂರು ಕಮಿಟ್ ಮಾಡಿ, ಮೂರರಲ್ಲೂ ಕಾಗುಣಿತದಂಥ ತಪ್ಪು ಇಟ್ಟು ತಿದ್ದಿದೆವು. ಗಿಟ್‌ನಲ್ಲಿ ಪ್ರತಿಯೊಂದಕ್ಕೂ ಫಿಕ್ಸಪ್ ಎಂಬ ತಿದ್ದುಪಡಿಯ ಕಮಿಟ್ ಮಾಡಿ, ಅವನ್ನು ಆಯಾ ಕಮಿಟ್‌ಗೆ ಬೆರೆಸಲು ಆಟೋಸ್ಕ್ವಾಶ್ ಆಯ್ಕೆಯ ಜೊತೆ ರೀಬೇಸ್ ಕಮಾಂಡ್. ಮರ್ಕ್ಯೂರಿಯಲ್‌ನಲ್ಲಿ 4.8ನೇ ಆವೃತ್ತಿಯಿಂದ ಜೊತೆಗೇ ಬರುವ ಅಬ್ಸಾರ್ಬ್ ಎಂಬ ಎಕ್ಸ್‌ಟೆನ್ಶನ್ ಆನ್ ಮಾಡಿ ಒಂದೇ ಕಮಾಂಡ್. ಯಾವ ಸಾಲು ಯಾವ ಕಮಿಟ್‌ನದು ಎಂದು ತಾನೇ ನೋಡಿ ಅಲ್ಲಲ್ಲಿಗೇ ಸೇರಿಸಿತು. ಯಾವುದಕ್ಕೆ ಸೇರಬೇಕೆಂದು ತಿಳಿಯದ ಸಾಲನ್ನು ಹಾಗೇ ಕೈಯಲ್ಲಿ ಬಿಡುತ್ತದೆ. ಪಬ್ಲಿಕ್ ಆಗಿಹೋದ, ಅಂದರೆ ಬೇರೆಯವರೊಡನೆ ಹಂಚಿಕೊಂಡಾದ, ಕಮಿಟ್ಟನ್ನು ಮುಟ್ಟಲು ಮರ್ಕ್ಯೂರಿಯಲ್ ಒಪ್ಪುವುದಿಲ್ಲ, ಗಿಟ್ ಹಾಗೆ ತಡೆಯುವುದಿಲ್ಲ. ಕಲಿಯುವವನ ಕೈಗೆ ಮರ್ಕ್ಯೂರಿಯಲ್‌ನ ಬೇಲಿ ಒಳ್ಳೆಯದು.

ಹಾಗಾಗಿ ಹುಡುಗನಿಗೆ ಕೈಪಿಡಿಯ ಕೆಲಸ ಮರ್ಕ್ಯೂರಿಯಲ್‌ನಲ್ಲಿ, ಟೆಸ್ಟಿನ ಕೆಲಸ ಗಿಟ್‌ನಲ್ಲಿ ಎಂದು ಹಂಚಿಕೊಟ್ಟೆ. ಮೊನ್ನೆ ರಾತ್ರಿ ಮಂಡ್ಯದಿಂದ ಫೋನ್ ಮಾಡಿದ್ದ. ಒಂದೇ ಸ್ಕ್ರಿಪ್ಟಿನಲ್ಲಿ ಇನ್ನೂ ಹನ್ನೊಂದು ಪೈಪ್ ಸಿಕ್ಕಿವೆಯಂತೆ. ಒಂದೊಂದನ್ನೂ ಮೊದಲು ಬೇಕೆಂತಲೇ ಬೀಳಿಸಿ ನೋಡಿ ಆಮೇಲೆ ತಿದ್ದುತ್ತಿದ್ದಾನೆ.