ರಿಕರ್ವ್ ಬಿಲ್ಲಿಗೆ ಮರದ ಬಾಣ: ನಮ್ಮ ಕರಾವಳಿ ಹವೆಗೆ ಯಾವುದು ಸರಿ?

ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಅಂಗಡಿಗೆ ಹೋಗಿ ಒಂದು ಡಜನ್ ಒಳ್ಳೆಯ ಮರದ ಬಾಣ ಕೊಡಿ ಅಂದರೆ ಸುಲಭಕ್ಕೆ ಸಿಗುವ ಸಾಮಾನಲ್ಲ. ಉಳಿದಿರುವುದು ಮೂರು ದಾರಿ. ಗರಿ, ಮೊನೆ ಎಲ್ಲ ಹಾಕಿ ಸಿದ್ಧವಾಗಿ ಬರುವ ಪೈನ್ ಬಾಣವನ್ನು ಆನ್‌ಲೈನ್‌ನಲ್ಲಿ ತರಿಸುವುದು. ಸ್ಪೈನ್, ಅಂದರೆ ಕಡ್ಡಿಯ ಬಿರುಸು, ಅಳೆದು ವಿಂಗಡಿಸಿದ ಬರಿ ಸೀಡರ್ ಕಡ್ಡಿ ತರಿಸಿ ಉಳಿದ ಕೆಲಸ ಕೈಯಾರೆ ಮಾಡಿಕೊಳ್ಳುವುದು. ಇಲ್ಲವೇ ಊರಿನ ಬಿದಿರಿನಲ್ಲೇ ಮಾಡುವುದು. 28 ಇಂಚು ಎಳೆದಾಗ 40 ಪೌಂಡ್ ಬಲ ಬೇಡುವ, ಮರದ ಹಿಡಿಯ, ತುದಿಗಳು ಮುಂದಕ್ಕೆ ಬಾಗಿದ ಸಾಂಪ್ರದಾಯಿಕ ರಿಕರ್ವ್ ಬಿಲ್ಲನ್ನು ಮುಂದಿಟ್ಟುಕೊಂಡು ಈ ಮೂರನ್ನೂ ತೂಗಿ ನೋಡಿದರೆ ನಮ್ಮ ಮತ ಎರಡನೆಯದಕ್ಕೆ. ರಾಟೆ ಹಾಕಿದ ಕಾಂಪೌಂಡ್ ಬಿಲ್ಲು ಇಟ್ಟುಕೊಂಡವರು ಮಾತ್ರ ಮರದ ಬಾಣದ ಆಸೆ ಬಿಡಬೇಕು. ಆ ಹೊಡೆತಕ್ಕೆ ಕಡ್ಡಿ ಸೀಳಿ ಕೈಗೆ ಚುಚ್ಚುತ್ತದೆ.

ಬಾಣದ ಬೆಲೆ ಇರುವುದು ಸ್ಪೈನ್‌ನಲ್ಲಿ. ಹೆದೆ ಬಿಟ್ಟ ಕ್ಷಣ ಬಾಣ ನೇರವಾಗಿ ಹೊರಡುವುದಿಲ್ಲ. ಹಿಂದಿನ ನೂಕಿಗೆ ಬಳುಕಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು, ಮೀನು ಈಜಿದ ಹಾಗೆ ಅತ್ತಿತ್ತ ಆಡುತ್ತ ಹೋಗುತ್ತದೆ. ಈ ಬಳುಕು ಬಿಲ್ಲಿನ ಬಲಕ್ಕೆ ಹೊಂದಬೇಕು. ಕಡ್ಡಿ ತೀರಾ ಬಿರುಸಾದರೆ ಬಲಗೈಯವರ ಬಾಣ ಎಡಕ್ಕೆ ಬೀಳುತ್ತದೆ, ತೀರಾ ಮೆದುವಾದರೆ ಬಲಕ್ಕೆ. ಮರದ ಕಡ್ಡಿಯ ಸ್ಪೈನನ್ನು ಪೌಂಡಿನಲ್ಲಿ ಹೇಳುವುದು ರೂಢಿ. 26 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿ ಇಟ್ಟು, ನಡುವೆ 2 ಪೌಂಡ್ ತೂಕ ತೂಗುಬಿಟ್ಟು, ಕಡ್ಡಿ ಎಷ್ಟು ಇಂಚು ಜಗ್ಗಿತು ನೋಡಬೇಕು. 26ನ್ನು ಆ ಅಂಕಿಯಿಂದ ಭಾಗಿಸಿದರೆ ಬರುವುದೇ ಸ್ಪೈನ್. ಮಿಲಿಮೀಟರಿನಲ್ಲಿ ಹೇಳುವುದಾದರೆ 35 ಪೌಂಡಿನ ಕಡ್ಡಿ ಸುಮಾರು 19 ಜಗ್ಗುತ್ತದೆ, 40ರದ್ದು 16.5, 45ರದ್ದು 14.7, 50ರದ್ದು 13.2. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಹಲಗೆಗೆ ಹೊಡೆದ ಎರಡು ಮೊಳೆ, ಕೊಕ್ಕೆ ಸಮೇತ 907 ಗ್ರಾಂ ಆಗುವ ಹಾಗೆ ನೀರು ತುಂಬಿದ ಬಾಟಲಿ, ಒಂದು ಸ್ಟೀಲ್ ಸ್ಕೇಲ್ ಸಾಕು.

ಬಿಲ್ಲಿನ ಮೇಲೆ ಬರೆದ 40 ಪೌಂಡ್ 28 ಇಂಚಿನ ಎಳೆತಕ್ಕೆ ಮಾತ್ರ. 26 ಇಂಚು ಎಳೆಯುವವರ ಬೆರಳಿಗೆ ಬರುವುದು 35ರ ಆಸುಪಾಸು, ಏಕೆಂದರೆ ಇಂಚಿಗೆ 2ರಿಂದ 3 ಪೌಂಡ್ ಇಳಿಯುತ್ತದೆ. ಬಾಣದ ಉದ್ದ ನಿಮ್ಮ ಎಳೆತಕ್ಕಿಂತ 1 ಇಂಚು ಹೆಚ್ಚಿರಲಿ. ಬಾಣ 28 ಇಂಚಿಗಿಂತ ಉದ್ದವಾದಷ್ಟೂ ಇಂಚಿಗೆ ಸುಮಾರು 5 ಪೌಂಡಿನಂತೆ ಮೆದುವಾಗುತ್ತದೆ. ಮೊನೆ ಭಾರವಾದರೂ ಅದೇ ಪರಿಣಾಮ. ಪೂರ್ತಿ 28 ಇಂಚು ಎಳೆಯುವವರು, ಡ್ಯಾಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ ಹೆದೆ ಮತ್ತು 125 ಗ್ರೇನ್ ಮೊನೆ, ಅಂದರೆ 8.1 ಗ್ರಾಂನದು, ಬಳಸುವುದಾದರೆ 40–45 ಪೌಂಡ್ ಸ್ಪೈನಿನ ಗುಂಪಿನಿಂದ ಶುರು ಮಾಡಿ.

ಈಗ ಸಿದ್ಧ ಪೈನ್ ಬಾಣ. ನೋಡಲು ಬಲು ಚೆಂದ, ಬಣ್ಣದ ಪಟ್ಟೆ, ಅಗಲ ಗರಿ, ಹೊಳೆಯುವ ಮೊನೆ. ಆದರೆ ಮಾರುವವರು "30ರಿಂದ 60 ಪೌಂಡಿನ ಎಲ್ಲ ಬಿಲ್ಲಿಗೂ ಸರಿಹೊಂದುತ್ತದೆ" ಎಂದು ಬರೆದಿದ್ದಾರೆ ಅಂದರೆ ಯಾರೂ ಅಳೆದಿಲ್ಲ ಅಂತಲೇ ಅರ್ಥ. ಒಂದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ. ಒಂದು ಮಗ್ಗುಲಲ್ಲಿ ಎಳೆಗಳು ಉದ್ದಕ್ಕೂ ಸಮಾನಾಂತರ ಗೆರೆಗಳಾಗಿ ಕಾಣುತ್ತವೆ. ಕಾಲು ಸುತ್ತು ತಿರುಗಿಸಿದರೆ ಅದೇ ಎಳೆಗಳು ದೀಪದ ಕುಡಿಯಂತೆ ಚೂಪಾಗಿ ಮುಗಿಯುತ್ತವೆ. ಆ ಕುಡಿ ಉದ್ದವಾಗಿ, ಒಂದೆರಡು ಮಾತ್ರ ಇದ್ದರೆ ಒಳ್ಳೆಯ ಕಡ್ಡಿ. ಗೇಣಿನೊಳಗೆ ಎಳೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿ ಹೊರಬಿದ್ದಿದ್ದರೆ ಮುರಿಯುವುದು ಅಲ್ಲೇ. ಅದನ್ನು ಸಸಿಗೆ ಊರುಗೋಲು ಮಾಡಿ, ಬಿಲ್ಲಿಗೆ ಬೇಡ. ಅಗ್ಗದ ಡಜನ್‌ನಲ್ಲಿ ಇಂಥವು ಸೇರಿಕೊಂಡೇ ಇರುತ್ತವೆ. ಹೆದೆ ಕೂರುವ ನಾಕ್ ಅನ್ನು ಎಳೆ ನೋಡದೆ ಅಂಟಿಸಿರುವುದು, ಎಡರೆಕ್ಕೆ ಬಲರೆಕ್ಕೆಯ ಗರಿಗಳನ್ನು ಬೆರೆಸಿರುವುದು, ಇವೂ ಉಂಟು. ಮಕ್ಕಳಿಗೆ 15–20 ಪೌಂಡಿನ ಬಿಲ್ಲಿನಲ್ಲಿ ಕಲಿಸುವಾಗಲೂ ಒಂದೊಂದನ್ನೇ ಪರೀಕ್ಷಿಸಿ ಕೊಡಿ. 40 ಪೌಂಡಿನ ಬಿಲ್ಲಿಗೆಂದು ಇವನ್ನು ಕೊಂಡರೆ ಹಣ ದಂಡ.

ಬರಿ ಕಡ್ಡಿಗೆ ಬಂದರೆ ಪೋರ್ಟ್ ಆರ್ಫರ್ಡ್ ಸೀಡರ್‌ಗೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಅಮೆರಿಕದ ಆರೆಗನ್ ಮತ್ತು ಉತ್ತರ ಕ್ಯಾಲಿಫೋರ್ನಿಯಾ ಕರಾವಳಿಯ ಮರ ಅದು. ಹಗುರ, ಎಳೆ ನೇರ, ಬಳುಕಿ ಬೇಗ ನೆಟ್ಟಗಾಗುತ್ತದೆ. ಗೀಸಿದರೆ ಶುಂಠಿಯನ್ನು ನೆನಪಿಸುವ ಖಾರದ ಪರಿಮಳ. 40 ಪೌಂಡಿಗೆ 5/16 ಇಂಚು ಅಥವಾ 11/32 ಇಂಚು, ಅಂದರೆ 7.9 ಅಥವಾ 8.7 ಮಿ.ಮೀ. ದಪ್ಪ ಸಾಕು. ಯಾವ ದಪ್ಪ ತರಿಸುತ್ತೀರೋ ಅದೇ ಅಳತೆಯ ಮೊನೆ, ನಾಕ್ ಕೊಳ್ಳಿ. ಬಂದ ಮೇಲೆ ಡಜನ್‌ನ ಜಗ್ಗು 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಾಗಬಾರದು, ತೂಕ ಒಂದು ಗ್ರಾಂನೊಳಗೆ ಇರಬೇಕು. ಚಿನ್ನದ ಅಂಗಡಿಯ ತಕ್ಕಡಿ ಇದಕ್ಕೆ ಹೇಳಿಮಾಡಿಸಿದ್ದು. ಪೂರ್ತಿಯಾದ ಬಾಣ 40 ಪೌಂಡಿನ ಬಿಲ್ಲಿಗೆ 23ರಿಂದ 26 ಗ್ರಾಂ ತೂಗಿದರೆ ಚೆನ್ನ. ತೀರಾ ಹಗುರವಾದರೆ ಬಿಲ್ಲಿನ ಬಲವೆಲ್ಲ ಬಿಲ್ಲಿಗೇ ತಿರುಗಿ ಬಡಿಯುತ್ತದೆ.

ಜೋಡಿಸುವಾಗ ಎಡವುವ ಜಾಗಗಳನ್ನು ಹೇಳಿಬಿಡಬೇಕು. ಮೊನೆಯ ಕಡೆ 5 ಡಿಗ್ರಿ, ನಾಕ್ ಕಡೆ 11 ಡಿಗ್ರಿ ಚೂಪು ಮಾಡಬೇಕು. ಸಮಾನಾಂತರ ಗೆರೆಯ ಮಗ್ಗುಲು ಬಿಲ್ಲಿನ ಬದಿಗೆ ಬರುವಂತೆ ನಾಕ್ ಕೂರಿಸಿ, ಆ ಮಗ್ಗುಲೇ ಹೆಚ್ಚು ಬಿರುಸು. ದೀಪದ ಕುಡಿ ಮೇಲ್ಭಾಗದಲ್ಲಿ ಗುರಿಯ ಕಡೆ ಮುಖ ಮಾಡಿರಲಿ. ಅಕಸ್ಮಾತ್ ಮುರಿದರೂ ಸೀಳು ಕೈಯಿಂದ ಮೇಲಕ್ಕೆ ಹಾರುತ್ತದೆ. ಮೊನೆಗೆ ಬಿಸಿ ಅಂಟು ಒಳ್ಳೆಯದು. ಕಾಯಿಸಬೇಕಾದ್ದು ಲೋಹವನ್ನು, ಕಡ್ಡಿಯನ್ನಲ್ಲ. ಫೆವಿಕ್ವಿಕ್ ಒಣಗಿದ ಮೇಲೆ ಪೆಡಸು, ನಾಲ್ಕು ಹೊಡೆತಕ್ಕೆ ಮೊನೆ ಹುಲ್ಲಿನ ಗುರಿಯಲ್ಲೇ ಉಳಿಯಬಹುದು. 4 ಇಂಚಿನ ಮೂರು ಗರಿ, ಮೂರೂ ಒಂದೇ ಕಡೆಯ ರೆಕ್ಕೆಯವು, 120 ಡಿಗ್ರಿಗೆ ಒಂದು. ಗರಿಯ ಮುಂತುದಿಗೆ ನೂಲು ಸುತ್ತಿ ಒಂದು ಹನಿ ಅಂಟು ಬಿಡದಿದ್ದರೆ ಅದು ಎದ್ದು ಬೆರಳು ಗೀರುತ್ತದೆ. ಅಗಸೆ ಎಣ್ಣೆ ಕುಡಿಸಿದ ಕಡ್ಡಿಯ ಮೇಲೆ ಗರಿ ನೆಟ್ಟಗೆ ಹಿಡಿಯುವುದಿಲ್ಲ.

ಬಿದಿರನ್ನು ಕಡೆಗಣಿಸುವಂತಿಲ್ಲ. ನಮ್ಮ ದೇಶದ ಸ್ಪರ್ಧೆಗಳ ಇಂಡಿಯನ್ ರೌಂಡ್ ನಡೆಯುವುದೇ ಬಿದಿರಿನ ಬಿಲ್ಲಿನಲ್ಲಿ. ಗಟ್ಟಿತನದಲ್ಲಿ ಬಿದಿರು ಸೀಡರನ್ನು ಮೀರಿಸುತ್ತದೆ, ಗಿಡದ ಬೊಡ್ಡೆಗೆ ಬಡಿದರೂ ತಡೆಯುತ್ತದೆ. ತೊಂದರೆ ಇರುವುದು ಸರಿಜೋಡಿ ಹುಡುಕುವುದರಲ್ಲಿ. ಹನ್ನೆರಡು ಒಂದೇ ಥರದವು ಬೇಕಾದರೆ ನಲವತ್ತನ್ನಾದರೂ ಅಳೆಯಬೇಕು. ಬಲಿತ ಬಿದಿರನ್ನು ಮಳೆಗಾಲ ಕಳೆದ ಮೇಲೆ ಕಡಿದು, ನೆರಳಲ್ಲಿ ಕಟ್ಟು ಕಟ್ಟಿ ಒಣಗಿಸಿ, ಕೆಂಡದ ಮೇಲೆ ಕಾಯಿಸಿ ನೆಟ್ಟಗೆ ಮಾಡಬೇಕು. ಎಳೆ ಬಿದಿರಾದರೆ ಕುಟ್ಟೆ ಹುಳು ಖಂಡಿತ. ಹೆದೆ ಕೂರುವ ಕಚ್ಚನ್ನು ಗೆಣ್ಣಿನ ಹಿಂದೆಯೇ ಕೊರೆದು ನೂಲು ಬಿಗಿದರೆ ಸೀಳು ಗೆಣ್ಣಿಗೇ ನಿಲ್ಲುತ್ತದೆ. ಕಾಡಿನ ಬಿದಿರು ಕಡಿಯುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ. ಅಡಿಕೆ ದಬ್ಬೆಯಲ್ಲಿ ಮಾಡಬಹುದಲ್ಲ ಎನ್ನುವವರು ಶಿರಸಿ ಕಡೆ ಇರುತ್ತಾರೆ. ಆಗುತ್ತದೆ, ಆದರೆ ಭಾರ ಜಾಸ್ತಿ, ಸವರುವಾಗ ಸಿಬಿರು ಏಳುತ್ತದೆ; ಬೇಲಿಗೇ ಇರಲಿ.

ಇಷ್ಟೆಲ್ಲ ಮಾಡಿದ ಬಾಣವನ್ನು ಕೆಡಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ. ಮರ ತೇವ ಹೀರಿದರೆ ಭಾರವಾಗುತ್ತದೆ, ಮೆದುವಾಗುತ್ತದೆ, ಸೊಟ್ಟಗಾಗುತ್ತದೆ. ಅರಗಿನ ಪಾಲಿಶ್ ನಮ್ಮ ಮಳೆಗಾಲಕ್ಕೆ ಬೆಳ್ಳಗಾಗಿಬಿಡುತ್ತದೆ. ಪಾಲಿಯುರೆಥೇನ್ ವಾರ್ನಿಶ್ ತೆಳುವಾಗಿ ಮೂರು ಸಲ ಹಚ್ಚಿ, ನಡುನಡುವೆ 400 ನಂಬರಿನ ಸ್ಯಾಂಡ್‌ಪೇಪರ್ ಆಡಿಸಿ. ಕಡ್ಡಿಯ ಎರಡು ತುದಿಗಳನ್ನು ಮರೆಯಬೇಡಿ, ತೇವ ಹೆಚ್ಚು ಒಳಹೋಗುವುದು ಅಲ್ಲಿಂದಲೇ. ಗೋಡೆಗೆ ಒರಗಿಸಿಟ್ಟ ಬಾಣ ಆಷಾಢ ಮುಗಿಯುವುದರೊಳಗೆ ಬಾಗಿರುತ್ತದೆ, ತೂಗುಹಾಕಿ. ಒಲೆಯ ಮೇಲಿನ ಅಟ್ಟ ಬೇಡ, ಅಲ್ಲಿಯ ಕಾವಿಗೆ ಮೊನೆಯ ಅಂಟು ಸಡಿಲವಾಗುತ್ತದೆ. ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಗರಿಗೆ ಹುಳು ಬೀಳದಂತೆ ನಾಲ್ಕು ನುಸಿಗುಳಿಗೆ ಇಡಿ. ಪ್ರತಿ ಸಲ ಹೆದೆಗೇರಿಸುವ ಮುಂಚೆ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ. ಚಿಟ್ ಎಂದರೆ ಅಲ್ಲೇ ಮುರಿದು ಎಸೆಯಿರಿ.

ತರಿಸುವಾಗ ಹನ್ನೆರಡರ ಬದಲು ಹದಿನೈದು ಕಡ್ಡಿ ಹೇಳಿ, ಒಂದೇ 5 ಪೌಂಡಿನ ಗುಂಪಿನವು ಎಂದು ಬರೆಸಿಕೊಳ್ಳಿ, ಪಿವಿಸಿ ಪೈಪಿನಲ್ಲಿ ಕಳಿಸಲು ಒತ್ತಾಯಿಸಿ. ರಟ್ಟಿನ ಡಬ್ಬಿ ಮಳೆಯಲ್ಲಿ ದೇವಿಮನೆ ಘಾಟಿ ಹತ್ತಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಪೈಪ್ ಬಿಚ್ಚಿದ ದಿನವೇ ಅಳೆಯಲು ಕೂರಬೇಡಿ. ಒಂದು ವಾರ ಮನೆಯೊಳಗಿನ ಹವೆಗೆ ಒಗ್ಗಲು ಬಿಟ್ಟು ಆಮೇಲೆ ಮೊಳೆಯ ಮೇಲಿಡಿ.