ಬೇಲಿಗೆ ಮುಂಗಡ ಕೊಡುವ ಮುಂಚೆ ಮೂಲೆ ಕಂಬದ ಲೆಕ್ಕ ಕೇಳಿ

ತುಮಕೂರು ಸೀಮೆಯ ಎರಡು ಎಕರೆ ಮಾವಿನ ತೋಟವೊಂದರಲ್ಲಿ ಬೇಲಿಯ ದುಡ್ಡು ನೀರುಪಾಲಾದ ಬಗೆ ಇದು. ಜಮೀನು 220 ಅಡಿ ಅಗಲ, 396 ಅಡಿ ಉದ್ದ. ಮೂರು ಕಡೆ ಕಲ್ಲುಕಂಬ ನೆಟ್ಟು ಐದು ಎಳೆ ಮುಳ್ಳುತಂತಿ ಎಳೆಸಿದರು. ಬಂಡಿದಾರಿಯ ಪಕ್ಕದ 396 ಅಡಿಗೆ ಮಾತ್ರ, ಖರ್ಚು ಉಳಿಯಲಿ ಎಂದು, ಕವಳಿ ಗಿಡದ ಬೇಲಿ. ಮೊದಲ ಬೇಸಿಗೆಯಲ್ಲೇ ಬಹುಪಾಲು ಕವಳಿ ಸಸಿಗಳು ಮೇಕೆಗಳ ಬಾಯಿಗೆ ಹೋದವು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಮೂಲೆ ಕಂಬಗಳು ಒಳಕ್ಕೆ ವಾಲಿ ತಂತಿ ಜೋಲುಬಿದ್ದಿತ್ತು. ತಂತಿ ಬೇಲಿ ಒಳ್ಳೆಯದೋ ಗಿಡದ ಬೇಲಿ ಒಳ್ಳೆಯದೋ ಎಂದು ಕೇಳುವವರು ಮೊದಲು ಇವೆರಡೂ ಹೇಗೆ ಕೆಡುತ್ತವೆ ಎಂಬುದನ್ನು ತಿಳಿದುಕೊಳ್ಳಬೇಕು.

ವಾಲಿದ ಕಂಬದ ಬುಡದಲ್ಲಿ ಕೂತು ನೋಡಿದರೆ ಹೊರಬದಿಯಲ್ಲಿ ಕಲ್ಲಿಗೂ ಮಣ್ಣಿಗೂ ನಡುವೆ ಎರಡು ಬೆರಳು ತೂರುವಷ್ಟು ಸಂದು, ಒಳಬದಿಯಲ್ಲಿ ಮಣ್ಣು ಉಬ್ಬಿ ಬಿರುಕು. ಅಗೆದಾಗ ಒಂದೂವರೆ ಅಡಿಗೇ ಕಂಬದ ತಳ ಸಿಕ್ಕಿತು. ಕಾಂಕ್ರೀಟಿನ ಸುಳಿವಿಲ್ಲ, ತೆಗೆದ ಮಣ್ಣನ್ನೇ ಮುಚ್ಚಿ ತುಳಿದಿದ್ದರು. ಸಾಲಿನ ನಡುವಿನ ಕಂಬಕ್ಕಾದರೆ ಇದು ಹೇಗೋ ನಡೆದೀತು, ಅದಕ್ಕೆ ಎರಡೂ ಕಡೆಯ ಎಳೆತ ಸಮ. ಎರಡು ಸಾಲು ಕೂಡುವ ಮೂಲೆಯಲ್ಲಿ ಹಾಗಲ್ಲ, ಹತ್ತೂ ಎಳೆಗಳು ಕಂಬವನ್ನು ಒಳಕ್ಕೇ ಜಗ್ಗುತ್ತವೆ. ಮಳೆಗೆ ಮಣ್ಣು ಮೆತ್ತಗಾದ ದಿನ ಕಂಬ ಸೋಲುತ್ತದೆ. ಒಂದು ಮೂಲೆ ಸೋತರೆ ಆ ಎರಡು ಸಾಲಿನ ಬಿಗಿಯೂ ಹೋಯಿತು. ಆಮೇಲೆ ದನ ಕತ್ತು ತೂರಿಸುತ್ತದೆ, ತಂತಿ ಇನ್ನಷ್ಟು ಸಡಿಲವಾಗುತ್ತದೆ.

ಮೂಲೆಗೆ 8 ಅಡಿಯ ದಪ್ಪ ಕಂಬವೇ ಬೇಕು. 3 ಅಡಿ ಭೂಮಿಯೊಳಗೆ, 5 ಅಡಿ ಮೇಲೆ. ಗುಂಡಿ ಒಂದೂವರೆ ಅಡಿ ಚೌಕ, ಅದಕ್ಕೆ 1:2:4 ಲೆಕ್ಕದಲ್ಲಿ ಸಿಮೆಂಟ್, ಎಂ ಸ್ಯಾಂಡ್, ಜಲ್ಲಿ. ಎರಡು ಸಾಲಿನ ದಿಕ್ಕಿಗೂ ಒಂದೊಂದು ಸಪೋರ್ಟ್ ಕಲ್ಲು. ಅದರ ತಲೆ ಕಂಬದ ಮೂರನೇ ಎರಡು ಭಾಗದ ಎತ್ತರಕ್ಕೆ ಒರಗಬೇಕು, ಕಾಲಿನ ಕೆಳಗೆ ಚಪ್ಪಡಿ ಇರಬೇಕು. ಇಲ್ಲದಿದ್ದರೆ ಸಪೋರ್ಟ್ ಕಲ್ಲೇ ಮಣ್ಣಿನೊಳಕ್ಕೆ ಇಳಿಯುತ್ತದೆ. ನೇರ ಸಾಲಿನಲ್ಲೂ ಸುಮಾರು 150 ಅಡಿಗೊಂದು ಕಂಬಕ್ಕೆ ಎರಡೂ ಬದಿ ಸಪೋರ್ಟ್ ಕೊಡಿಸಿ. ಉಳಿದವು 7 ಅಡಿ ಕಂಬ, 2 ಅಡಿ ಒಳಗೆ, 8ರಿಂದ 10 ಅಡಿ ಅಂತರ. ಕಾಂಕ್ರೀಟ್ ಹಾಕಿದ ಮಾರನೇ ದಿನವೇ ತಂತಿ ಎಳೆಯಲು ಬರುವವರನ್ನು ವಾಪಸ್ ಕಳಿಸಿ. ಏಳು ದಿನ ನೀರು ಹೊಡೆದ ಮೇಲೆಯೇ ಎಳೆತ. ಎರೆ ಭೂಮಿಯವರು ಇನ್ನೂ ಎಚ್ಚರವಾಗಿರಬೇಕು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ, ಆದ್ದರಿಂದ ನಡುವಿನ ಕಂಬದ ಗುಂಡಿಗೂ ಅದೇ ಮಣ್ಣನ್ನು ತುಂಬದೆ ಗರಸು ತುಂಬಿಸಿ ಹಾರೆಯಿಂದ ಕುಟ್ಟಿಸಿ.

ಕಂಬ ಲಾರಿಯಿಂದ ಇಳಿಯುವಾಗಲೇ ಒಂದೊಂದಕ್ಕೂ ಸುತ್ತಿಗೆಯಿಂದ ತಟ್ಟಿ. ಠಣ್ ಎಂದರೆ ಗಟ್ಟಿ, ದಬ್ ಎಂದರೆ ಒಳಗೆ ಬಿರುಕಿದೆ. ಬಿರುಕು ಬಿಟ್ಟದ್ದನ್ನು ಅಲ್ಲೇ ಲಾರಿಗೆ ಹತ್ತಿಸಿ.

ತಂತಿಯಲ್ಲಿ ಮೋಸ ಹೋಗುವುದು ಗೇಜಿನಲ್ಲಿ. ಅಡಿ ಲೆಕ್ಕದಲ್ಲಿ ಗುತ್ತಿಗೆ ಮಾತಾಡಿ, ಬಾಯಲ್ಲಿ 12 ಗೇಜ್ ಎಂದು ಹೇಳಿ, ಈ ತೋಟಕ್ಕೆ ಹಾಕಿದ್ದು 14 ಗೇಜ್. 12 ಗೇಜಿನ ತಂತಿ 2.64 ಮಿ.ಮೀ., 14 ಗೇಜಿನದು 2.03. ಕಣ್ಣಿಗೆ ವ್ಯತ್ಯಾಸ ಕಾಣದು, ಆದರೆ ಎಳೆಯಲ್ಲಿರುವ ಉಕ್ಕು ಹತ್ತಿರ ಹತ್ತಿರ ಶೇ. 40ರಷ್ಟು ಕಡಿಮೆ. ಒಂದು ಗೇಣು ತುಂಡು ಕತ್ತರಿಸಿ, ಹೆಣಿಗೆ ಬಿಚ್ಚಿ, ವೆಲ್ಡಿಂಗ್ ಅಂಗಡಿಯ ವರ್ನಿಯರ್‌ನಲ್ಲಿ ಅಳೆಸಿ, ಎರಡು ನಿಮಿಷದ ಕೆಲಸ. ಮುಳ್ಳಿನ ಅಂತರವನ್ನೂ ನೋಡಿ. 3 ಇಂಚಿಗೊಂದು ಮುಳ್ಳಿರುವ ತಂತಿ 6 ಇಂಚಿನದಕ್ಕಿಂತ ಭಾರ, ಹಾಗಾಗಿ ತೂಕ ಒಂದನ್ನೇ ನಂಬಿದರೆ ಸುರುಳಿಯ ಉದ್ದದಲ್ಲಿ ಕಡಿಮೆ ಬೀಳುತ್ತದೆ. ಬಿಲ್ಲಿನಲ್ಲಿ ಗೇಜ್, ಮೀಟರ್, ಕೆ.ಜಿ. ಮೂರೂ ಬರೆಸಿ. ಐದು ಎಳೆಯಾದರೆ ನೆಲದಿಂದ 6, 15, 25, 36, 48 ಇಂಚಿಗೆ ಕಟ್ಟಿಸಿ. ಮೇಕೆ, ನಾಯಿ ನುಗ್ಗುವುದು ಕೆಳಗಿನಿಂದ, ಅದಕ್ಕೇ ಕೆಳಗಿನ ಎಳೆಗಳು ಹತ್ತಿರ ಹತ್ತಿರ ಇರಬೇಕು.

ಇನ್ನು ಗಿಡದ ಬೇಲಿ. ಅದು ಅಗ್ಗ ಎಂಬ ನಂಬಿಕೆಯೇ ಈ ತೋಟದ ದೊಡ್ಡ ತಪ್ಪು. ಗಿಡದ ಬೇಲಿಗೆ ಮೊದಲ ಮೂರು ವರ್ಷ ಅದಕ್ಕೇ ಒಂದು ಬೇಲಿ ಬೇಕು. ಕವಳಿಯ ಮುಳ್ಳು ಬಲಿತ ಮೇಲೆ ದನವೂ ಹತ್ತಿರ ಸುಳಿಯುವುದಿಲ್ಲ, ನಿಜ. ಆದರೆ ಗೇಣುದ್ದದ ಸಸಿಯ ಮುಳ್ಳು ಎಳೆಯದು, ಚಿಗುರು ಮೆತ್ತಗೆ. ಮಾರ್ಚ್‌ನಲ್ಲಿ ಸುತ್ತ ಹಸಿರು ಒಣಗಿದಾಗ ಬಂಡಿದಾರಿಯಲ್ಲಿ ಹೋಗುವ ಮಂದೆಗೆ ಅದೇ ಮೇವು. ಎರಡು ಅಡಿ ಅಂತರದಲ್ಲಿ ಜಿಗ್‌ಜ್ಯಾಗ್ ಎರಡು ಸಾಲು ಎಂದರೆ ಆ 396 ಅಡಿಗೆ 396 ಸಸಿ. ಒಂದಕ್ಕೆ ಸಲಕ್ಕೆ 5 ಲೀಟರ್, ವಾರಕ್ಕೆ ಎರಡು ಸಲ, ಜನವರಿಯಿಂದ ಮೇ ತನಕ 20 ವಾರ ಹಿಡಿದರೆ 79,200 ಲೀಟರ್ ನೀರು. ಬೋರ್ ಬತ್ತುವ ಕಾಲದಲ್ಲಿ ಇಷ್ಟು ನೀರು ಎಲ್ಲಿಂದ ಎಂದು ನೆಡುವ ಮೊದಲೇ ಕೇಳಿಕೊಳ್ಳಬೇಕಿತ್ತು. ಸತ್ತ ಜಾಗ ತುಂಬಲು 60 ಸಸಿ ಹೆಚ್ಚಿಗೆ ಇಟ್ಟುಕೊಂಡಿರಲೂ ಇಲ್ಲ. ಒಂದು ಕಡೆ ಮೂರು ಗಿಡ ಸತ್ತರೆ ಬಾಗಿಲು ತೆರೆದ ಹಾಗೆ.

ಬದುಕಿದ ಸಸಿಗಳನ್ನಾದರೂ ಸವರಿದ್ದರೆ ದಕ್ಕುತ್ತಿತ್ತು. ಕತ್ತರಿ ಹಾಕದೆ ಬಿಟ್ಟದ್ದರಿಂದ ಮೇಲೆ ಕೊಡೆಯಂತೆ ಹರಡಿ ಬುಡ ಬೋಳಾಯಿತು. ಸಸಿ ಒಂದು ಅಡಿ ಆದಾಗ ಕುಡಿ ಚಿವುಟಬೇಕು, ಎರಡು ಅಡಿಗೆ ಮತ್ತೊಮ್ಮೆ. ಆಮೇಲೆ ವರ್ಷಕ್ಕೆ ಎರಡು ಸವರಿಕೆ, ಯಾವಾಗಲೂ ಬುಡ ಅಗಲ, ತಲೆ ಕಿರಿದು. ತಲೆ ಅಗಲವಾದರೆ ಬುಡಕ್ಕೆ ಬಿಸಿಲು ಬೀಳದೆ ಎಲೆ ಉದುರುತ್ತದೆ.

ಸಣ್ಣ ಹಿಡುವಳಿಯವರು ಜಾಗದ ಲೆಕ್ಕವನ್ನೂ ಹಾಕಿ. ಬೆಳೆದ ಬೇಲಿಯ ಅಗಲ, ಬೇರು ಹೀರುವ ಪಟ್ಟಿ ಸೇರಿ ಆರು ಅಡಿ ಎಂದಿಟ್ಟರೆ, ಸುತ್ತಲೂ ಗಿಡದ ಬೇಲಿಯೇ ಆದಾಗ ಈ ಎರಡು ಎಕರೆಯ ಸುತ್ತಳತೆ 1,232 ಅಡಿಗೆ 7,392 ಚದರ ಅಡಿ. ಗುಂಟೆಗೆ 1,089 ಚದರ ಅಡಿಯಂತೆ ಏಳು ಗುಂಟೆಗೆ ಸ್ವಲ್ಪ ಕಡಿಮೆ. ಅಷ್ಟು ಭೂಮಿ ಬೇಲಿಗೇ ಹೋಗುತ್ತದೆ.

ಬೇಗ ಬೆಳೆಯುತ್ತದೆ ಎಂದು ಲಂಟಾನವನ್ನೋ ಬಳ್ಳಾರಿ ಜಾಲಿಯನ್ನೋ ದಯವಿಟ್ಟು ತರಬೇಡಿ. ಲಂಟಾನ ತಿಂದ ದನ ಕಾಯಿಲೆ ಬೀಳುತ್ತದೆ. ಜಾಲಿ ಕಾಯಿ ತಿಂದ ಮೇಕೆ ಹಾಕಿದ ಹಿಕ್ಕೆಯಿಂದಲೇ ಅಕ್ಕಪಕ್ಕದ ಹೊಲಕ್ಕೂ ಗಿಡ ಹಬ್ಬುತ್ತದೆ. ಕಳ್ಳಿಗೆ ನೀರು ಬೇಡ, ಮೇಕೆ ಮುಟ್ಟದು, ಸರಿ. ಆದರೆ ಕಡಿಯುವಾಗ ಅದರ ಹಾಲು ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳಿರುವ ಮನೆಯಂಗಳಕ್ಕೆ ಬೇಡವೇ ಬೇಡ. ಗ್ಲಿರಿಸಿಡಿಯಾ ಗೂಟ ಮಳೆ ಶುರುವಿಗೆ ನೆಟ್ಟರೆ ಸುಲಭವಾಗಿ ಚಿಗುರುತ್ತದೆ, ಸೊಪ್ಪು ಗೊಬ್ಬರಕ್ಕೂ ಆಗುತ್ತದೆ. ಆದರೆ ಅದಕ್ಕೆ ಮುಳ್ಳಿಲ್ಲ, ಮೇಕೆಗೆ ಅದು ಇಷ್ಟದ ಸೊಪ್ಪು. ಅದರ ಕಾಂಡಕ್ಕೆ ಮುಳ್ಳುತಂತಿ ಹೊಡೆದರೆ ಕೆಲವೇ ವರ್ಷದಲ್ಲಿ ಮರ ತಂತಿಯನ್ನು ನುಂಗಿಬಿಡುತ್ತದೆ, ಬಿಗಿ ಮಾಡಲು ಆಗುವುದಿಲ್ಲ.

ದೊಡ್ಡ ಅಂಗಳಕ್ಕೋ ತೋಟಕ್ಕೋ ಬಾಳುವ ದಾರಿ ಎಂದರೆ ಮೂಲೆ ಗಟ್ಟಿ ಮಾಡಿದ ತಂತಿ ಬೇಲಿ ಮೊದಲು, ಅದರಿಂದ ಮೂರು ಅಡಿ ಒಳಗೆ ಮುಂಗಾರಿನಲ್ಲಿ ಗಿಡ. ತಂತಿಯ ಬುಡಕ್ಕೇ ನೆಟ್ಟರೆ ನಾಳೆ ಎಳೆ ಬಿಗಿಯಲು ಕೈ ಹಾಕಲಾಗದು. ಎರಡನ್ನೂ ಮಾಡುವಷ್ಟು ಹಣ ಇಲ್ಲವೆಂದರೆ ನಾಲ್ಕು ಎಳೆಯ ತಂತಿಗೆ ನಿಲ್ಲಿಸಿ, ಗಿಡವನ್ನು ಮುಂದಿನ ವರ್ಷಕ್ಕಿಡಿ, ಆದರೆ ಮೂಲೆ ಕಂಬದಲ್ಲಿ ಮಾತ್ರ ಉಳಿಸಬೇಡಿ. ಆನೆ ಓಡಾಡುವ ಕಡೆ ಇವೆರಡೂ ತಡೆಯುವುದಿಲ್ಲ. ಹಂದಿ ಕಾಟಕ್ಕೆಂದು ಲೈನಿನಿಂದ ನೇರ ಕರೆಂಟ್ ಕೊಡುವುದಂತೂ ಅಪರಾಧ, ಮನುಷ್ಯರೇ ಸತ್ತಿದ್ದಾರೆ.

ಗುಂಡಿ ತೋಡುವ ಮೊದಲು ಹದ್ದುಬಸ್ತು ಮಾಡಿಸಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಸರ್ವೆಯರ್ ಅಳೆದು ಗಡಿ ತೋರಿಸಿದ ಮೇಲೆಯೇ ದಾರ ಕಟ್ಟಿ. ಪಹಣಿಯಲ್ಲಿ ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಬಳಕೆಯ ಜಾಗ) ಇದ್ದರೆ, ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದನ್ನು ಬೇಲಿಯೊಳಗೆ ಸೇರಿಸಲು ಬರುವುದಿಲ್ಲ. ಬಾಂದು ಕಲ್ಲು ಅಡ್ಡ ಬಂತೆಂದು ಕೆಲಸದವರು ಕಿತ್ತರೆ 1964ರ ಭೂಕಂದಾಯ ಕಾಯ್ದೆಯಡಿ ದಂಡ ಬೀಳುತ್ತದೆ.

ಒಟ್ಟು ಹಣದಲ್ಲಿ ಐದನೇ ಒಂದು ಭಾಗವನ್ನು ಕೊನೆಯ ಕಂತಾಗಿ ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವುದಾಗಿ ಮೊದಲೇ ಬರೆಸಿಕೊಳ್ಳಿ. ಮಳೆ ನಿಂತ ಮೇಲೆ ಎಲ್ಲ ಮೂಲೆಗೂ ತೂಕದ ದಾರ ಬಿಟ್ಟು ನೋಡಿ, ಎರಡು ಕಂಬದ ನಡುವಿನ ಎಳೆಯನ್ನು ಕೈಯಿಂದ ಒತ್ತಿ ನೋಡಿ. ಎರಡು ಇಂಚಿಗಿಂತ ಹೆಚ್ಚು ತಗ್ಗಿದರೆ ಮತ್ತೆ ಬಿಗಿಸಿಕೊಟ್ಟ ಮೇಲೆಯೇ ಉಳಿದ ಹಣ ಕೊಡಿ.